ಅಂಗೂರಬಾವಿಯ ಮುಚ್ಚಳ

ಸುರಪುರದ ಹತ್ತಿರ ತನ್ನ ಹೊಲದಲ್ಲೇ ವೈನ್ ತಯಾರಿಸುವ ಜಗದೇವಪ್ಪ ಐವತ್ತೊಂಬತ್ತು ವರ್ಷದ ಬಾಳಿನಲ್ಲಿ ಅದರ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಆದರೆ ವೈನಿನ ಬಗ್ಗೆ ಒಂದು ತಾಸು ನಿಲ್ಲದೆ ಮಾತಾಡಬಲ್ಲ. ಅನುಭವವಿಲ್ಲ ಎಂಬುದು ಅವನ ಮಾತಿಗೆ ಎಂದೂ ಅಡ್ಡ ಬಂದಿಲ್ಲ. ಹತ್ತು ವರ್ಷ ಪಂಚಾಯಿತಿ ಮೆಂಬರನಾಗಿದ್ದ.

ಆ ಹೊಲದ ಹೆಸರೇ ಅಂಗೂರಬಾವಿ. ನಿಜಾಮರ ಕಾಲದಲ್ಲಿ ಯಾರೋ ಜಾಗೀರದಾರ ಅಲ್ಲಿ ದ್ರಾಕ್ಷಿ ಬೆಳೆದು, ರಸ ಹುದುಗಿಸಿ ಹೈದರಾಬಾದಿಗೆ ಕಳಿಸುತ್ತಿದ್ದನಂತೆ. ಜಾಗೀರು ಹೋಯಿತು, ಬಾವಿಗೆ ಹೂಳು ತುಂಬಿತು, ಎಪ್ಪತ್ತು ವರ್ಷ ಆಡು ಕಾಯುವವರನ್ನು ಬಿಟ್ಟರೆ ಆ ಜಾಲಿಮುಳ್ಳಿನೊಳಗೆ ಯಾರೂ ಕಾಲಿಡಲಿಲ್ಲ. ತೋಟಗಾರಿಕೆ ಓದಿ ಬಂದ ಮಗಳು ಸುನಿತಾ, ಈ ಕಲ್ಲುನೆಲವೇ ಬಳ್ಳಿಗೆ ಒಳ್ಳೆಯದು ಎಂದಳು. ಜಾಲಿ ಕಡಿಸಿದರು, ಹೂಳು ತೆಗೆಸಿದರು, ನಾಲ್ಕು ಎಕರೆ ಬಳ್ಳಿ ಹಚ್ಚಿದರು. ಹೆಂಡತಿ ಬಸ್ಸಮ್ಮ ಬಳ್ಳಿ ಕಟ್ಟಿದಳು, ಗೊನೆ ಕೊಯ್ದಳು. ರಸ ಹುದುಗುವ ಕೋಣೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ಹಣ್ಣಿನ ತನಕ ತನ್ನದು, ಆಮೇಲಿನದು ಅಪ್ಪ ಮಗಳದು ಎಂದು ಗಡಿ ಹಾಕಿಬಿಟ್ಟಳು.

ಹಾಗಾದರೆ ರುಚಿ ನೋಡುವವರು ಯಾರು? ಸುನಿತಾ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಹೊರಳಾಡಿಸಿ, ಬಕೆಟ್ಟಿಗೆ ಉಗುಳುತ್ತಿದ್ದಳು. ಉಗುಳಿದ್ದು ಕುಡಿದ ಲೆಕ್ಕವಲ್ಲ ಎಂದು ಜಗದೇವಪ್ಪ ಮೂರು ದಿನ ಯೋಚಿಸಿ ತೀರ್ಪು ಕೊಟ್ಟ. ಅದನ್ನು ಅವನನ್ನು ಯಾರೂ ಕೇಳಿರಲಿಲ್ಲ.

ಜಾಲಿ ಕಡಿಸಿದ ನಾಲ್ಕನೆಯ ವರ್ಷಕ್ಕೆ ಕೈಗೆ ಬಂದ ಮೊದಲ ಬೆಳೆ ಕಡಿಮೆ. ಐನೂರು ಲೀಟರಿನ ಸ್ಟೀಲ್ ಟಾಂಕಿಯಲ್ಲಿ ವೈನ್ ಮುನ್ನೂರೇ ಲೀಟರ್. ಏಪ್ರಿಲ್ ಹೊತ್ತಿಗೆ ಹುದುಗು ನಿಂತು ರಸ ತಿಳಿಯಾಯಿತು. ಬಾಟಲಿ ತುಂಬುವ ಕೆಲಸ ಕಲಿಯಲು ಸುನಿತಾ ಹನ್ನೆರಡು ದಿನ ನಾಶಿಕಕ್ಕೆ ಹೊರಟಳು. ಹೋಗುವ ಮುಂಚೆ, ಟಾಂಕಿಯ ಖಾಲಿ ಜಾಗಕ್ಕೆ ಗಾಳಿ ಸೇರದಂತೆ ನೈಟ್ರೋಜನ್ ಗ್ಯಾಸು ತುಂಬಿ ಮುಚ್ಚಳ ಬಿಗಿದಳು.

"ಅಪ್ಪಾ, ನಾ ಬರೋತನಕ ಇದನ್ನ ತೆಗೀಬ್ಯಾಡ. ಗಾಳಿ ಹೊಕ್ಕರ ನಾಲ್ಕು ವರ್ಷದ ದುಡಿಮಿ ಹುಳಿ ಆಗ್ತದ."

"ನನಗ ಹೇಳಾಕತ್ತೀ ಏನವ್ವಾ?" ಎಂದ ಜಗದೇವಪ್ಪ. ಹೇಳಬೇಕಾದದ್ದು ಅವನಿಗೇ ಆಗಿತ್ತು.

ಏಕೆಂದರೆ ಅವನು ಮೂಲತಃ ಜೋಳ ಬೆಳೆಯುವ ರೈತ. ಕಣದಲ್ಲಿ ರಾಶಿ ಬಿದ್ದರೆ ದಾರಿಹೋಕನಿಗೂ ತೋರಿಸುವುದು ಅವನ ಮನೆತನದ ರೀತಿ. ರಾಶಿ ಮುಚ್ಚಿಡುವವನು ಜಿಪುಣ. ಜತೆಗೆ ಆ ಬಿರುಬಿಸಿಲಿನಲ್ಲಿ ಸುತ್ತಲಿನ ಏಳು ಹಳ್ಳಿಗಳಿಗೆ ಏಸಿ ಇದ್ದದ್ದು ಈ ಟಾಂಕಿಯ ಕೋಣೆಗೊಂದೇ. ಜನ ವೈನ್ ನೋಡುವ ನೆಪದಲ್ಲಿ ತಂಪಿಗೆ ಬರತೊಡಗಿದರು. ಸುರಪುರದ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ ದುರಗಪ್ಪ ಒಂದೇ ವಾರದಲ್ಲಿ ಮೂರು ಸಲ ಬಂದು, ಪ್ರತಿ ಸಲವೂ ಹೊಸದಾಗಿ ಬೆರಗಾದ. ಬಂದವರ ಮುಂದೆ ಜಗದೇವಪ್ಪ ಟಾಂಕಿಗೆ ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಮುಚ್ಚಳ ಎತ್ತಿ, ಅದರ ಒಳಮೈಯನ್ನು ಹೆಗಲ ಟವೆಲ್ಲಿನಿಂದ ಒರೆಸುತ್ತಿದ್ದ. ಒಂದೇ ನಿಮಿಷ, ಬಗ್ಗಿ ನೋಡುವಷ್ಟು. ಹೀಗೆ ಎಂಟು ದಿನದಲ್ಲಿ ಎಷ್ಟು ನಿಮಿಷವಾಯಿತೋ ಅವನು ಎಣಿಸಲಿಲ್ಲ.

ಒಂಬತ್ತನೆಯ ದಿನ ಅವನು ಊಟಕ್ಕೆ ಕೂತಾಗ ರೊಟ್ಟಿ ಬಡಿಯುತ್ತಿದ್ದ ಬಸ್ಸಮ್ಮನ ಕೈ ನಿಂತಿತು. ಅವನ ಹೆಗಲ ಮೇಲಿನ ಟವೆಲ್ಲು ಎಳೆದುಕೊಂಡು ಮೂಸಿದಳು.

"ಟಾಂಕಿ ಮುಚ್ಚಳ ತಗದೀರಿ?"

"ಒಮ್ಮೆ," ಎಂದ.

ಅವಳು ಟವೆಲ್ಲನ್ನು ಅವನ ಮೂಗಿಗೇ ಹಿಡಿದಳು.

"ಬಂದವರಿಗೆ ತೋರಸದ ಹ್ಯಾಂಗ ಕಳಸೋದು?"

"ನಲವತ್ತು ವರ್ಷ ಅಂಬಲಿ ಹುಳಿ ಹಾಕೇನಿ, ಉಪ್ಪಿನಕಾಯಿ ಹಾಕೇನಿ. ಯಾವ ಹುಳಿ ಬದುಕ್ತದ, ಯಾವುದು ಕೆಡ್ತದ ನನ್ನ ಮೂಗಿಗಿ ಗೊತ್ತದ. ನಿಮ್ಮ ಟವೆಲ್ಲು ಕೆಟ್ಟದ."

ಕೆಟ್ಟದ್ದು ಟವೆಲ್ಲು ಮಾತ್ರವಾಗಿದ್ದರೆ ಒಗೆದರಾಗುತ್ತಿತ್ತು. ಜಗದೇವಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಳಿಸಿದ. ಮುಳ್ಳು ತರಚಿದ ಮಗಳ ಕೈಗಳು, ಅವಳ ನಾಲ್ಕು ವರ್ಷ, ಎಲ್ಲವೂ ಆ ಟಾಂಕಿಯಲ್ಲಿದ್ದವು. ಅವಳು ಬರುವುದು ಸೋಮವಾರ. ಬಸ್ಸಮ್ಮ ಹಿಟ್ಟಿನ ಕೈ ತೊಳೆದುಕೊಂಡು, ಸೆರಗು ಬಿಗಿದು, ಮೊದಲ ಸಲ ಆ ಹೊಸ್ತಿಲು ದಾಟಿದಳು. ವೈನಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು.

ಅವಳಿಗೆ ಅದು ಹೊಸದಲ್ಲ. ಉಪ್ಪಿನಕಾಯಿ ಅರ್ಧ ಖಾಲಿಯಾದಾಗ ಸಣ್ಣ ಗಡಿಗೆಗೆ ಬದಲಾಯಿಸದಿದ್ದರೆ ಇದೇ ಗತಿ. ಸುನಿತಾ ತೊಳೆದಿಟ್ಟಿದ್ದ ಐವತ್ತು ಲೀಟರಿನ ಸ್ಟೀಲ್ ಕ್ಯಾನುಗಳನ್ನು ಹೊರಗೆಳೆಸಿದಳು. ಕೆಳಗಿನ ನಲ್ಲಿಯಿಂದ ಪೈಪು ಹಚ್ಚಿ, ಪೊರೆ ಅಲುಗದಂತೆ, ನಿಧಾನಕ್ಕೆ ಐದು ಕ್ಯಾನು ಕಂಠಮಟ್ಟ ತುಂಬಿಸಿ ಬಿಗಿದಳು. ಪೈಪು ಹಿಡಿದವನು ಜಗದೇವಪ್ಪ. ಎರಡು ತಾಸು ಅವನು ಒಂದು ಮಾತೂ ಆಡಲಿಲ್ಲ. ಆ ಮನೆಯಲ್ಲಿ ಅದೂ ಮೊದಲ ಸಲ. ಟಾಂಕಿಯಲ್ಲಿ ಉಳಿದ ಐವತ್ತು ಲೀಟರನ್ನು ಬಸ್ಸಮ್ಮ ತಾಮ್ರದ ಕೊಡ ತಿಕ್ಕಲು ಎತ್ತಿಟ್ಟಳು. ಕೋಣೆಗೆ ಬೀಗ ಹಾಕಿ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀವು ಹೇಳ್ತೀರೋ, ನಾ ಹೇಳಬೇಕೋ?" ಎಂದಳು.

ಜಗದೇವಪ್ಪ ನಾಲ್ಕು ದಿನ ಭಾಷಣ ತಯಾರು ಮಾಡಿದ. ಅದರಲ್ಲಿ ಹವಾಮಾನ, ಏಸಿಯ ದೋಷ, ದುರಗಪ್ಪನ ದೀರ್ಘ ಉಸಿರು ಎಲ್ಲ ಬಂದಿದ್ದವು. ಸೋಮವಾರ ಮಗಳು ಬ್ಯಾಗು ಇಳಿಸುತ್ತಿದ್ದಂತೆ ಅವನ ಬಾಯಿಂದ ಬಂದದ್ದು ಇಷ್ಟೇ: "ಮುಚ್ಚಳ ತಗದಿದ್ನವ್ವಾ. ದಿನಾ."

ಸುನಿತಾ ನೀರೂ ಕುಡಿಯದೆ ಚಾವಿ ಇಸಿದುಕೊಂಡು ಹೋದಳು. ಕ್ಯಾನಿನಿಂದ ಒಂದು ಲೋಟಕ್ಕೆ ತೆಗೆದು ಮೂಸಿದಳು, ಬಾಯಿಗೆ ಹಾಕಿಕೊಂಡಳು, ಹೊರಳಾಡಿಸಿದಳು. ಜಗದೇವಪ್ಪ ಲಿಂಗ ಹಿಡಿದುಕೊಂಡು ನಿಂತಿದ್ದ. ಅವಳು ಉಗುಳಿದಳು. ಮತ್ತೊಂದು ಗುಟುಕು ಹಾಕಿಕೊಂಡಳು. ಎರಡನೆಯದನ್ನು ಉಗುಳಲಿಲ್ಲ.

"ಉಳದದಪ್ಪಾ," ಎಂದಳು. "ಛಲೋ ಆಗ್ಯದ. ಕಂಠಮಟ್ಟ ತುಂಬಬೇಕಂತ ಹೇಳಿದವರು ಯಾರು?"

ತಾನೇ ಎನ್ನಲು ಜಗದೇವಪ್ಪನ ನಾಲಿಗೆ ಅರ್ಧ ಎದ್ದಿತ್ತು. ಅದನ್ನು ಅಲ್ಲೇ ಮಲಗಿಸಿದ. "ನಿಮ್ಮವ್ವ," ಎಂದ.

ನುಂಗಿದ ಆ ಎರಡನೆಯ ಗುಟುಕಿನ ಬಗ್ಗೆ ಅವನು ಈವರೆಗೆ ಯಾವ ತೀರ್ಪನ್ನೂ ಕೊಟ್ಟಿಲ್ಲ.

ಚಾವಿ ಈಗಲೂ ಬಸ್ಸಮ್ಮನ ಸೊಂಟದಲ್ಲೇ ಇದೆ. ಅತಿಥಿಗಳು ಬಂದರೆ ಜಗದೇವಪ್ಪ ಮುಚ್ಚಿದ ಬಾಗಿಲಿಗೆ ವಿಭೂತಿ ಎಳೆದು, ಊದಿನಕಡ್ಡಿ ಸಿಕ್ಕಿಸಿ, ಕಿವಿಗೊಟ್ಟು ಕೇಳಲು ಹೇಳುತ್ತಾನೆ. ಹುದುಗು ನಿಂತ ವೈನು ಸದ್ದು ಮಾಡುವುದಿಲ್ಲ. ದುರಗಪ್ಪ ಮಾತ್ರ ಬಾಗಿಲ ಸಂದಿನಿಂದ ಬರುವ ತಂಪಿಗೆ ಕೆನ್ನೆಯೊಡ್ಡಿ, ಕಣ್ಣು ಮುಚ್ಚಿ, ಕೇಳಸ್ತದ ಕೇಳಸ್ತದ ಎನ್ನುತ್ತ ಚಹಾ ಬರುವವರೆಗೂ ಅಲ್ಲೇ ನಿಂತಿರುತ್ತಾನೆ.