ಕೊನೆಯಕ್ಷರ ಎತ್ತುವ ದ್ವೀಪ

ಗಲ್ಫಿನ ಕನ್ನಡ ಸಂಘದ ನಾಟಕದಿಂದ ತನ್ನನ್ನು ತೆಗೆದುಹಾಕಿದ್ದನ್ನು ಓಸ್ವಾಲ್ಡ್ ಇವತ್ತಿಗೂ ಮರೆತಿಲ್ಲ. ಪಾತ್ರವೇನು ದೊಡ್ಡದಲ್ಲ, ಸಾಹುಕಾರನ ಮನೆಯ ಆಳು. ಆದರೂ ಕೆಲಸ ಮುಗಿಸಿ ಬಂದು ದಿನಾ ಬಾಯಿಪಾಠ ಮಾಡಿದ್ದ. ನಾಟಕ ಆಡಿಸುತ್ತಿದ್ದ ಬೆಂಗಳೂರಿನ ಹರಿನಾಥ ರಿಹರ್ಸಲ್ ನಿಲ್ಲಿಸಿ, ಎಲ್ಲರೆದುರು ನಕ್ಕು, "ಸರ್, ನೀವು ಬಾಯಿ ಬಿಟ್ರೆ ಪಾದ್ರಿಗಳ ಪ್ರಸಂಗ ಕೇಳ್ದಂಗಾಗತ್ತೆ. ಸ್ವಲ್ಪ ನಾರ್ಮಲ್ ಕನ್ನಡ ಟ್ರೈ ಮಾಡಿ," ಅಂದ.

"ನಿಮ್ಮದು ನಾರ್ಮಲ್, ನಮ್ಮದೆಂತ ಡ್ಯೂಪ್ಲಿಕೇಟಾ?" ಎಂದು ಕೂಗಾಡಿ ಓಸ್ವಾಲ್ಡ್ ಎದ್ದು ಬಂದಿದ್ದ; ಮರುದಿನವೇ ಆ ಪಾತ್ರ ಬೇರೆಯವರಿಗೆ ಹೋಗಿತ್ತು. ಸೆಗಯಾದಲ್ಲಿ ಅವನ ಮನೆಯ ಬೀದಿಯಲ್ಲೇ ಹರಿನಾಥನ ಕಾರು ನಿಲ್ಲುತ್ತದೆ. ಅದನ್ನು ಕಂಡರೆ ಈಗಲೂ ಆಚೆ ಮುಖ ತಿರುಗಿಸುತ್ತಾನೆ.

ಓಸ್ವಾಲ್ಡ್ ಶಿರ್ವದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಲು ಕಲಿತ; ಟುಬ್ಲಿಯ ವರ್ಕ್‌ಶಾಪಿನಲ್ಲಿ ಈಗಲೂ ಅದೇ ಕೆಲಸ. ಶುಕ್ರವಾರ ಇಗರ್ಜಿಯ ಕೋಯರ್‌ನಲ್ಲಿ ದಪ್ಪ ದನಿ ಅವನದು. ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿಗೆ ಸರಿಜೋಡಿ ಬೆಪೊ. ಕ್ರೊಯೇಷಿಯಾದ ಒಂದು ಸಣ್ಣ ದ್ವೀಪದವನು, ಟಗ್ ಬೋಟುಗಳ ಚೀಫ್ ಇಂಜಿನಿಯರ್. ರಿಪೇರಿಗೆ ಇಂಜಿನ್ ತಂದರೆ ಪಕ್ಕದಲ್ಲೇ ಸ್ಟೂಲು ಹಾಕಿ ಕೂತು ಒಂದೊಂದು ಬೋಲ್ಟಿಗೂ ತಕರಾರು ತೆಗೆಯುವವನು. ಇಂಗ್ಲಿಷು, ಹಿಂದಿ, ಅರಬ್ಬಿ ಕಲಸಿದ ವರ್ಕ್‌ಶಾಪಿನ ಮಾತಿನಲ್ಲಿ ಇಬ್ಬರೂ ಹೊಟ್ಟೆ ತುಂಬ ಬೈದಾಡಿಕೊಳ್ಳುತ್ತಿದ್ದರು.

ಅಂಥ ಬೆಪೊ ಒಂದು ಬೆಳಗ್ಗೆ ಬಂದು ಸುಮ್ಮನೆ ಕೂತ.

"ಎಂತ ಚೀಫ್, ಇವತ್ತು ಬೈಗುಳ ಖಾಲಿಯಾ?"

"ಅಮ್ಮ ನನ್ನ ಗುರುತು ಹಿಡಿಯಲಿಲ್ಲ."

ಚಳಿಗಾಲದಲ್ಲಿ ಮುದುಕಿಯ ಕಣ್ಣು ಪೂರ್ತಿ ಹೋಗಿತ್ತು. ಅದಕ್ಕೆ ಮೊದಲು ವಿಡಿಯೋದಲ್ಲಿ ಮುಖ ನೋಡುತ್ತಿದ್ದಳು, ಮಾತು ಹೇಗಿದ್ದರೂ ನಡೆಯುತ್ತಿತ್ತು. ಈಗ ಕಿವಿಯೊಂದೇ ಉಳಿದಿದೆ. ಮೂವತ್ತು ವರ್ಷ ಹಡಗುಗಳಲ್ಲಿ ರಾಜಧಾನಿಯ ಇಂಜಿನಿಯರುಗಳ ಜೊತೆ ಶಾಲೆಪುಸ್ತಕದ ಭಾಷೆ ಆಡಿ ಆಡಿ ಬೆಪೊನ ನಾಲಗೆ ಸಪಾಟಾಗಿತ್ತು. ಮುದುಕಿ, "ನೀನು ಟಿವಿಯವರ ಹಾಗೆ ಮಾತಾಡುತ್ತೀ. ನನ್ನ ಮಗನ ಹೆಸರು ಹೇಳಿ ಮೋಸ ಮಾಡಬೇಡ," ಎಂದು ಫೋನನ್ನು ಮಗಳಿಗೆ ಕೊಟ್ಟುಬಿಟ್ಟಳಂತೆ. ರಜೆ ಬೇಸಿಗೆಗೆ. ಅಲ್ಲಿಯವರೆಗೆ ಅವಳು ಇರುತ್ತಾಳೋ ಇಲ್ಲವೋ ಎಂದು ಡಾಕ್ಟರರೇ ಕೈಚೆಲ್ಲಿದ್ದರು.

"ಅಷ್ಟು ಫರಕು ಉಂಟಾ ನಿಮ್ಮ ಭಾಷೆಯಲ್ಲಿ?"

"'ಏನು' ಅನ್ನಲು ಪುಸ್ತಕದಲ್ಲಿ 'ಶ್ಟೊ'. ರಾಜಧಾನಿಯ ಕಡೆ 'ಕಾಯ್'. ನಮ್ಮ ಕಡಲಿನವರಿಗೆ 'ಚಾ'."

"ಚಾ ಬೇಕಾದರೆ ಕೆಟ್ಲಿಯಲ್ಲಿ ಉಂಟು ಮಾರಾಯ," ಎಂದ ಓಸ್ವಾಲ್ಡ್. ಬೆಪೊ ನಗಲಿಲ್ಲ. ತಂಗಿ ಕಳಿಸಿದ ರೆಕಾರ್ಡಿಂಗ್ ಹಾಕಿದ. ಅಂಗಳದಲ್ಲಿ ಯಾರಿಗೋ ತಾಯಿ ಏನೋ ಹೇಳುತ್ತಿದ್ದಾಳೆ, ಅಷ್ಟೇ.

ಓಸ್ವಾಲ್ಡನ ಕೈಯ ಸ್ಪ್ಯಾನರ್ ಹಾಗೇ ನಿಂತಿತು. ಇದೆಂಥ ಮಾತು, ಇದು ಹಾಡಲ್ಲವೇ? ಬೆಪೊ ಬಿಡಿಸಿ ಹೇಳಿದಂತೆ, ನೀರಿಗೆ 'ವೊದಾ' ಎನ್ನುವಾಗ ಪುಸ್ತಕದವರು ಮೊದಲಕ್ಷರಕ್ಕೆ ಒತ್ತು ಕೊಟ್ಟರೆ, ಮುದುಕಿ ಅದನ್ನು ಮೆಲ್ಲಗೆ ದಾಟಿ ಕೊನೆಯದನ್ನು ಎತ್ತಿ ಹೊಡೆಯುತ್ತಿದ್ದಳು. ಪೇಟೆಗೆ ಅವರದು 'ಗ್ರಾದ್', ಅವಳ ಬಾಯಲ್ಲಿ ಅದು ಗುಂಡಗಾಗಿ 'ಗ್ರೋದ್'. ಕೆಲವು ಮಾತಿನಲ್ಲಿ ದನಿ ದೊಡ್ಡ ಅಲೆಯಂತೆ ಉದ್ದಕ್ಕೂ ಏರಿ, ಒಡೆಯುವ ಮೊದಲೇ ನಿಲ್ಲುತ್ತಿತ್ತು. ಸಾವಿರ ವರ್ಷ ಯಾರೂ ಬರೆದಿಡದೆ, ಯಾರೂ ಕಲಿಸದೆ, ಬರೀ ತಾಯಿಯ ಬಾಯಿಂದ ಮಗುವಿನ ಕಿವಿಗೆ ಇದು ಇಳಿದು ಬಂದಿತಲ್ಲ! ಓಸ್ವಾಲ್ಡ್ ಅದನ್ನು ಇನ್ನೊಮ್ಮೆ ಹಾಕಿಸಿದ.

"ನಮ್ಮ ದ್ವೀಪದಲ್ಲಿ ಪಕ್ಕದ ಊರಿನವನು ಒಂದು ಮಾತಾಡಿದರೆ ಸಾಕು, ಕತ್ತಲಲ್ಲೂ ಊರು ಹೇಳುತ್ತೇವೆ," ಎಂದ ಬೆಪೊ. "ನಾನೊಬ್ಬ ಎಲ್ಲಿಯವನೂ ಅಲ್ಲದೆ ಹೋದೆ."

ಅಂದಿನಿಂದ ಚಾ ಹೊತ್ತಿನಲ್ಲಿ ಅಭ್ಯಾಸ. ಓಸ್ವಾಲ್ಡನಿಗೆ ಅರ್ಥ ತಿಳಿಯದು, ರಾಗ ತಿಳಿಯುತ್ತದೆ. "ಅಲ್ಲ ಚೀಫ್, ಬಿತ್ತು. ಕೊನೆಗೆ ಎತ್ತು. ಎಳಿ, ಎಳಿ... ಹಾಂ!" ಪಕ್ಕದ ಗ್ಯಾರೇಜಿನ ಉಮರ್ ಇಣುಕಿ, "ಓಸ್ವಾಲ್ಡಣ್ಣಾ, ಇಂಜಿನ್‌ಗೆ ಇಗರ್ಜಿಯ ಲದಾಯ್ನ್ ಪ್ರಾರ್ಥನೆ ಹೇಳ್ತಿದ್ದೀರಾ?" ಎಂದು ಚುಡಾಯಿಸಿದ. ಚೆನ್ನಾಗಿ ಕುದುರಿತು ಎನಿಸಿದ ಮೇಲೆ ಬೆಪೊ ತಾಯಿಗೆ ಫೋನು ಮಾಡಿದ. ಮುದುಕಿ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿ ನಟಿಸುತ್ತೀಯಪ್ಪ," ಎಂದಳು. ಬೆಪೊ ಫೋನನ್ನು ಟೇಬಲ್ಲಿನ ಮೇಲೆ ಕವುಚಿ ಹಾಕಿದ.

ಮರುವಾರ ಬೆಪೊನ ಊರಿನವನೊಬ್ಬ ತಾಯಿ ಕಳಿಸಿದ ಆಲಿವ್ ಎಣ್ಣೆ ತಂದುಕೊಟ್ಟ. ಅವಳ ಮರದ್ದೇ, ಕುಡಿಯುವ ನೀರಿನ ಬಾಟ್ಲಿಯಲ್ಲಿ. ಬೆಪೊ ಅದನ್ನು ಇಂಜಿನ್ ಪಕ್ಕದ ನೆಲದ ಮೇಲಿಟ್ಟು, ಸಿಕ್ಕಿತೆಂದು ಹೇಳಲು ತಂಗಿಗೆ ಫೋನು ಹಚ್ಚಿ ಸ್ಪೀಕರ್‌ಗೆ ಹಾಕಿದ. ಟುಬ್ಲಿಯಲ್ಲಿ ನೀರಿನ ಬಾಟ್ಲಿಯಲ್ಲಿ ಹಳದಿ ಬಣ್ಣದ್ದು ಕಂಡರೆ ಅದು ತುಕ್ಕು ಹಿಡಿದ ನಟ್ಟಿಗೆ ಬಿಡುವ ಎಣ್ಣೆ. ಬೇರೆ ಏನೂ ಆಗಿರಲು ಸಾಧ್ಯವೇ ಇಲ್ಲ. ಇಂಜಿನ್ ಅಡಿಯಲ್ಲಿ ಮಲಗಿದ್ದ ಓಸ್ವಾಲ್ಡ್ ಕೈ ಚಾಚಿ ಬಾಟ್ಲಿ ಎಳೆದುಕೊಂಡು, ಜಾಮ್ ಆದ ನಟ್ಟಿನ ಮೇಲೆ ಗಳಗಳನೆ ಸುರಿದ.

ಬೆಪೊ ತಿರುಗಿ ನೋಡಿದವನೇ ಸಿಡಿದ. ಇಂಗ್ಲಿಷಲ್ಲ, ಹಿಂದಿಯಲ್ಲ. ಎದೆಯಿಂದ ಕಿತ್ತು ಬಂದ ಬೈಗುಳ. ಒಂದೊಂದು ಮಾತಿನ ಕೊನೆಯೂ ಚಾಟಿಯಂತೆ ಎದ್ದೆದ್ದು ಹೊಡೆಯಿತು, ಉದ್ದದ ಅಕ್ಷರಗಳೆಲ್ಲ ಗುಂಡಗೆ ಉರುಳಿದವು. ಎದುರುತ್ತರ ಕೊಡಲು ಬಾಯಿ ತೆರೆದ ಓಸ್ವಾಲ್ಡ್ ತೆರೆದ ಬಾಯಲ್ಲೇ ಕೇಳುತ್ತಾ ಮಲಗಿಬಿಟ್ಟ. ತಾನು ಬೈಸಿಕೊಳ್ಳುತ್ತಿದ್ದೇನೆ ಎಂಬುದೂ ಅವನಿಗೆ ನೆನಪಿರಲಿಲ್ಲ.

ಫೋನಿನಿಂದ ನಡುಗುವ ದನಿಯೊಂದು ಬಂತು, ತಂಗಿಯದಲ್ಲ. ಬೆಪೊ ಗಕ್ಕನೆ ನಿಂತ. ಕಣ್ಣು ಒರೆಸಿಕೊಂಡ.

"ಎಂತ ಹೇಳಿದರು?" ಓಸ್ವಾಲ್ಡ್ ಪಿಸುಗುಟ್ಟಿದ.

"ಹಾಗೆಲ್ಲ ಬೈಯಬೇಡ ಬೆಪೊ, ನಿನ್ನಪ್ಪನೂ ಹೀಗೇ ಬೈಯುತ್ತಿದ್ದ ಅಂತ."

ತಾಯಿ ಮಗ ಮಧ್ಯಾಹ್ನದವರೆಗೆ ಮಾತಾಡಿದರು. ಎಣ್ಣೆ ಚೆಲ್ಲಿದವನಿಗೂ ಮುದುಕಿ ಒಂದು ಮಾತು ಹೇಳಿಸಿದಳು: ಬಾಟ್ಲಿ ಎಣ್ಣೆಯ ಸಾಲ ಅವನ ಮೇಲಿದೆ, ಕೊಯ್ಲಿಗೆ ಬಂದು ನನ್ನ ಮರ ಹತ್ತಿ ತೀರಿಸಲಿ. "ಬರ್ತೇನೆ ಅಂತ ಹೇಳು," ಎಂದ ಓಸ್ವಾಲ್ಡ್. ಆಮೇಲೆ ಪ್ರತಿ ಫೋನಿನಲ್ಲೂ ಅವಳು ಕೇಳುವಳು, ಆ ಸಾಲಗಾರ ಹೊರಟನಾ ಎಂದು.

ಬೇಸಿಗೆಯಲ್ಲಿ ಬೆಪೊ ಹೋದ. ಅವನ ಕೈ ಹಿಡಿದುಕೊಂಡೇ ಮುದುಕಿ ತೀರಿಕೊಂಡಳು. ಕೊಯ್ಲು ಇನ್ನೂ ದೂರವಿತ್ತು.

ಅವನು ವಾಪಸಾದಾಗ ಓಸ್ವಾಲ್ಡನ ಹೆಂಡತಿ ಕ್ಲೊಟಿಲ್ಡಾ, "ಅಂಗಡಿಯಿಂದ ಒಳ್ಳೆ ಎಣ್ಣೆ ತಂದಾದರೂ ಕೊಡಿ, ಸತ್ತವರ ಸಾಲ ಇಟ್ಟುಕೊಳ್ಳಬಾರದು," ಎಂದಳು. ಓಸ್ವಾಲ್ಡ್ ಇದ್ದದ್ದರಲ್ಲಿ ದುಬಾರಿಯದನ್ನೇ ತಂದು ಮುಂದಿಟ್ಟ. ಬೆಪೊ ಬಾಟ್ಲಿಯನ್ನು ಮೆಲ್ಲಗೆ ಹಿಂದಕ್ಕೆ ದೂಡಿದ.

"ನೀನು ಕೊಡಬೇಕಾದದ್ದು ಅವಳಿಗೆ. ತೆಗೆದುಕೊಳ್ಳಲು ನಾನ್ಯಾರು?"