ದಾದಿಯ ಹೌದುಗಳು

ಶಿಡ್ಲಘಟ್ಟದಲ್ಲಿ ಬಸ್ಸಿಳಿದ ಕೂಡಲೇ ಬೇಯುವ ರೇಷ್ಮೆಗೂಡಿನ ವಾಸನೆ ಎದುರಾಯಿತು. ಜೊತೆಗೆ ಬಂದಿದ್ದ ನನ್ನ ವಿದ್ಯಾರ್ಥಿನಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನನಗೋ ಹಳೆಯ ಗೆಳೆಯ ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ಆ ವಾಸನೆಯನ್ನು ನೀವು ಇಷ್ಟಪಡಲಾರಿರಿ. ಆದರೆ ಇಸವಿ ಎರಡು ಸಾವಿರ ದಾಟಿದ ಆ ವರ್ಷಗಳಲ್ಲಿ, ಚರಿತ್ರೆಯಲ್ಲಿ ಎಂ.ಎ. ಓದುತ್ತಿದ್ದ ನಾನು ಅದರ ನಡುವೆಯೇ ಕೂತು ಒಂದು ಸಂಶೋಧನಾ ಪ್ರಬಂಧ ಬರೆಯಲು ಹೊರಟಿದ್ದೆ.

ಈ ಊರಿನ ಮನೆಗಳಿಗೆ ಗೂಡಿನಿಂದ ನೂಲು ಬಿಚ್ಚುವ ವಿದ್ಯೆ ಬಂದದ್ದು ಹೇಗೆ? ಮದುವೆಯಾಗಿ ಬಂದ ಹೆಣ್ಣುಮಕ್ಕಳು ತವರಿನಿಂದ ತಂದರು ಎಂಬುದು ನನ್ನ ವಾದ. ಯಾರೂ ಕಾಣದ್ದನ್ನು ಕಂಡೆನೆಂದು ಬೀಗುತ್ತಿದ್ದೆ. ಅಷ್ಟು ದೊಡ್ಡ ವಾದಕ್ಕಿದ್ದ ಆಧಾರ ಒಬ್ಬರೇ, ಗೆಳೆಯ ನಯಾಜನ ಅಜ್ಜಿ. ಅವನಂತೆ ನಾನೂ ಅವರನ್ನು ದಾದಿ ಎನ್ನುತ್ತಿದ್ದೆ.

"ತವರಲ್ಲೇ ಕಲ್ತು ಬಂದ್ರಿ ಅಲ್ವಾ ದಾದಿ?"

"ಹೌದು ಬೇಟಾ. ಚಾ ಕುಡಿ, ಆರೋಯ್ತದೆ."

ಬರೆದುಕೊಂಡೆ. ಆದರೆ ಅನುಮಾನ ನನ್ನ ಹುಟ್ಟುಗುಣ. ಪ್ರಬಂಧ ಒಪ್ಪಿಸುವ ಮುನ್ನ ಮತ್ತೆ ಹೋಗಿ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ.

"ಇಲ್ಲಿಗೆ ಬಂದ್ಮೇಲೆ ಅತ್ತೆ ಕಲ್ಸಿದ್ದಾ?"

"ಹೌದು ಬೇಟಾ, ಅತ್ತೇನೇ."

ನಯಾಜ್ ಬಿದ್ದು ಬಿದ್ದು ನಕ್ಕ. "ಮನೆಗೆ ಬಂದೋರಿಗೆ ದಾದಿ ಇಲ್ಲ ಅನ್ನಲ್ಲ ಕಣೋ. ಚಂದ್ರನ ಮೇಲೆ ಕಲ್ತ್ರಾ ಅಂತ ಕೇಳು, ಅದಕ್ಕೂ ಹೌದು ಅಂತಾರೆ."

ನನ್ನ ವಾದ ಅಲ್ಲೇ ಕುಸಿದು ಕೂತಿತು. ಮುಖವೂ ಕುಸಿದಿರಬೇಕು. ದಾದಿ ಪೆಚ್ಚಾದರು. "ಅಷ್ಟು ದೂರದಿಂದ ಬಿಸ್ಲಲ್ಲಿ ಬರ್ತೀಯ. ಇಲ್ಲ ಅಂತ ಹೆಂಗಪ್ಪ ಕಳ್ಸೋದು?" ಆಮೇಲೆ, ಗೂಡು ಬೇಯುತ್ತ ಹಬೆಯಾಡುತ್ತಿದ್ದ ಬಾಣಲೆಯನ್ನೇ ನೋಡುತ್ತ, ನಾನೇನೂ ಕೇಳದೆಯೇ ಹೇಳಿದರು: "ಯಾರು ಕಲ್ಸಿದ್ರೋ ಏನೋ. ಮೊದಲ್ನೇ ಸಲ ಕೈ ಸುಟ್ಟಿದ್ದೊಂದೇ ನೆನಪೈತೆ."

ವಾದವನ್ನು ಹೊಡೆದುಹಾಕಿ, ಇದು ತಿಳಿಯುವಂಥದ್ದಲ್ಲ ಎಂದು ಬರೆದುಕೊಟ್ಟೆ. "ಹಾಗಾದ್ರೆ ನೀನು ಹೇಳೋದೇನಪ್ಪ?" ಎಂದರು ನನ್ನ ಗೈಡ್ ಮೇಡಂ. ಅಂಕಗಳೂ ಅದಕ್ಕೆ ತಕ್ಕಂತೆಯೇ ಬಂದವು.

ಈಗ ಅದೆಲ್ಲ ಹಬೆಯಾಚೆಯಿಂದ ಕಾಣುತ್ತದೆ. ಬಾಣಲೆ ಇದ್ದದ್ದು ಮನೆಯ ಮುಂದೋ, ಹಿತ್ತಲಲ್ಲೋ? ಕೈ ಸುಟ್ಟ ಆ ಮಾತನ್ನು ದಾದಿ ಆಡಿದರೋ, ಆಡಿದ್ದರೆ ಚೆನ್ನಾಗಿರುತ್ತಿತ್ತೆಂದು ನಾನೇ ಆಡಿಸಿಕೊಂಡೆನೋ?

ದಾದಿಯ ಮನೆ ತೋರಿಸುತ್ತೇನೆಂದು ವಿದ್ಯಾರ್ಥಿನಿಯನ್ನು ಕರೆತಂದಿದ್ದೆ, ಬೀದಿಗಳ ಗುರುತೇ ಸಿಗಲಿಲ್ಲ. ಬಿಸಿಲಲ್ಲಿ ನನ್ನ ಹಿಂದೆ ಸುತ್ತಿ ಸುತ್ತಿ ಕೆಂಪಾಗಿದ್ದ ಹುಡುಗಿ ಒಂದು ನೀಲಿ ಬಾಗಿಲ ಮುಂದೆ ನಿಂತಳು. "ಸರ್, ಇದೇ ತಾನೇ ಆ ಮನೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಅವಳಿಗೆ ಪಾಠ ಹೇಳಿದವನು ನಾನೇ.

"ಹೌದಮ್ಮ," ಎಂದೆ.