ಅರವತ್ಮೂರು ನಕಲುಗಳು

ನಮ್ಮ ಬಡಾವಣೆಯ ವಾರಪತ್ರಿಕೆಯ ಆರನೆಯ ಪುಟದಲ್ಲಿ, ಕೆಳಗೆ ಬಲಮೂಲೆಯ ಅಂಗೈಯಗಲ ಜಾಗದಲ್ಲಿ, ಹನ್ನೊಂದು ವರ್ಷದಿಂದ ಕಂಪ್ಯೂಟರ್ ಮತ್ತು ಮೊಬೈಲ್ ಬಗ್ಗೆ ಲೋಕಕ್ಕೆ ಬುದ್ಧಿ ಹೇಳುತ್ತಿರುವ ಮಹಾನುಭಾವ ನಾನೇ. ವೃತ್ತಿಯಿಂದ ನಾನು ಪ್ರೆಸ್ಸಿನಲ್ಲಿ ಟೈಪ್ ಮಾಡುವವನು. ಅರ್ಜಿ ನಮೂನೆ, ವಿಸಿಟಿಂಗ್ ಕಾರ್ಡು, ಈ ವಾರಪತ್ರಿಕೆ, ಎಲ್ಲವನ್ನೂ ಹಿಂದಿನ ಕೋಣೆಯಲ್ಲಿ ಕೂತು ಪುಟ ಕಟ್ಟುತ್ತೇನೆ. ಒಂದು ವಾರ ಜಾಹೀರಾತು ಕೈಕೊಟ್ಟು ಆ ಮೂಲೆ ಖಾಲಿ ಉಳಿಯಿತು. ಸಂಪಾದಕರು ಬಾಗಿಲಲ್ಲೇ ನಿಂತು, "ನೀವು ಯಾವಾಗ್ಲೂ ಕಂಪ್ಯೂಟರ್ ಮುಂದೇನೇ ಇರ್ತೀರಲ್ಲ, ಅದರ ಬಗ್ಗೆ ನಾಲ್ಕು ಸಾಲು ಗೀಚಿಬಿಡಿ" ಎಂದರು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಾನು ತಜ್ಞನಾದೆ.

ನನಗೆ ನಿಜವಾಗಿ ಬರುತ್ತಿದ್ದದ್ದು ಬೇಗ ಟೈಪ್ ಮಾಡುವುದೊಂದೇ. ಬೇಗ ಟೈಪ್ ಮಾಡುವವನಿಗೆ ಕಂಪ್ಯೂಟರಿನ ಹೊಟ್ಟೆಯೊಳಗಿನದೆಲ್ಲ ಗೊತ್ತು ಎಂದು ಜನ ನಂಬುತ್ತಾರೆ. ಸ್ವಲ್ಪ ದಿನಕ್ಕೆ ನಾನೂ ನಂಬಿದೆ. ಅಲ್ಲಿ ಇಲ್ಲಿ ಓದಿದ್ದನ್ನು ಹೆಕ್ಕಿ, ಸ್ವಂತ ಅನುಭವದ ದನಿಯಲ್ಲಿ ಬರೆಯುತ್ತಿದ್ದೆ. "ನಾನು ಸ್ವತಃ ಬಳಸಿ ನೋಡಿದ್ದೇನೆ" ಎಂಬ ವಾಕ್ಯವನ್ನು ಕೀಬೋರ್ಡಿನ ಒಂದು ಕೀಲಿಗೆ ಹೊಂದಿಸಿಟ್ಟುಕೊಂಡಿದ್ದೆ, ಅಷ್ಟು ಸಲ ಬೇಕಾಗುತ್ತಿತ್ತು. ಬಿಟ್ಟಿ ಸಿಗುವ ಆಂಟಿವೈರಸ್ಸೇ ಸಾಕು ಎಂದು ಮಾರ್ಚಿನಲ್ಲಿ ಹೊಗಳಿದೆ; ಜೂನಿನಲ್ಲಿ ಅದಕ್ಕಿಂತ ದೊಡ್ಡ ವೈರಸ್ ಇನ್ನೊಂದಿಲ್ಲ ಎಂದು ಉಗಿದೆ. ಯಾರೂ ಕೇಳಲಿಲ್ಲ. ಅಪ್‌ಡೇಟ್ ಮಾಡದವರನ್ನು ಸೋಮಾರಿಗಳೆಂದು ಜರೆದೆ. ಪ್ರೆಸ್ಸಿನ ನನ್ನ ಕಂಪ್ಯೂಟರ್ ಒಂಬತ್ತು ವರ್ಷದಿಂದ ಅಪ್‌ಡೇಟ್‌ನ ಮುಖ ಕಂಡಿಲ್ಲ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ ಎಂದು ದಪ್ಪಕ್ಷರದಲ್ಲಿ ಸಾರಿದ ದಿನ ನನ್ನದು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿತ್ತು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಅನ್ನುತ್ತಾಳೆ ನನ್ನ ಹೆಂಡತಿ. ಅವಳು ಅಂಕಣ ಓದುವುದಿಲ್ಲ. ಅದನ್ನು ಹಾಸಿಕೊಂಡು ತರಕಾರಿ ಹೆಚ್ಚುತ್ತಾಳೆ.

ಓದುವವಳು ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಪ್ರತಿ ವಾರ ಅಂಕಣವನ್ನು ಬಟ್ಟೆ ಕತ್ತರಿಯಲ್ಲಿ ಅಲ್ಲ, ಕಾಗದಕ್ಕೆಂದೇ ಇಟ್ಟ ಬೇರೆ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ, ಮಷೀನಿನ ಎದುರಿನ ಗೋಡೆಗೆ ಗುಂಡುಸೂಜಿ ಚುಚ್ಚಿ ಇಡುತ್ತಾಳೆ. ಭಾನುವಾರ ಮಧ್ಯಾಹ್ನ ಕನ್ನಡಕ ಏರಿಸಿಕೊಂಡು ನಾನು ಹೇಳಿದ್ದನ್ನೆಲ್ಲ ಹಂತಹಂತವಾಗಿ ಮೊಬೈಲಿನಲ್ಲಿ ಮಾಡುತ್ತಾಳೆ. ಬಂದ ಗಿರಾಕಿಗಳಿಗೆ, "ನನ್ನ ತಮ್ಮ ಬರೆದದ್ದು. ಬಳಸಿ ನೋಡದೆ ಅವನು ಒಂದಕ್ಷರ ಬರೆಯಲ್ಲ" ಎಂದು ಹೇಳುತ್ತಾಳೆ. ಹನ್ನೊಂದು ವರ್ಷ ಯಾಕೆ ಬರೆದೆ ಎಂದು ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ: ಆ ಗೋಡೆಗೋಸ್ಕರ.

ಈ ವರ್ಷ ಅಕ್ಕನಿಗೆ ನರ್ಸಿಂಗ್ ಕಾಲೇಜಿನ ಹೊಸ ತಂಡದ ಸಮವಸ್ತ್ರದ ಕೆಲಸ ಸಿಕ್ಕಿತು. ಅರವತ್ನಾಲ್ಕು ಹುಡುಗಿಯರು, ಮೂರು ವಾರದ ಗಡುವು. ಕಾಲೇಜಿನವರು ರೆಡಿಮೇಡ್ ಕಾರ್ಖಾನೆಗೆ ಕೊಡುವವರಿದ್ದರು. "ಒಬ್ಬೊಬ್ಬರ ಅಳತೆಗೆ ಹೊಲಿದು ಕೊಡ್ತೀನಿ, ಒಂದ್ಸಲ ನೋಡಿ" ಎಂದು ಅಕ್ಕ ಮೂರು ಸಲ ಅಲೆದು ದಕ್ಕಿಸಿಕೊಂಡಿದ್ದಳು. ಗಡುವು ತಪ್ಪಿದರೆ ಕೆಲಸ ಕಾರ್ಖಾನೆಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಳತೆ ಬರೆದುಕೊಳ್ಳಲು ನಾನೇ ನಮೂನೆ ಅಚ್ಚು ಹಾಕಿಕೊಟ್ಟೆ: ಹಾಳೆಗೆ ಒಬ್ಬಳು, ಹನ್ನೆರಡು ಚೌಕ, ಭುಜ, ತೋಳು, ಎದೆ, ಸೊಂಟ. ಅಕ್ಕ ಎರಡು ದಿನ ಕಾಲೇಜಿನಲ್ಲಿ ನಿಂತು ಅಷ್ಟನ್ನೂ ಪೆನ್ಸಿಲಿನಲ್ಲಿ ತುಂಬಿದಳು.

ಆಮೇಲೆ ನನ್ನ ಅಂಕಣಗಳು ಹೇಳಿದಂತೆ ನಡೆದಳು. "ಕಾಗದದ ರಾಶಿ ಏಕೆ? ಫೋಟೋ ತೆಗೆದು, ಕಾಗದವನ್ನು ಹಳೆ ಪೇಪರಿನವನಿಗೆ ಕೊಡಿ" ಎಂದಿದ್ದೆ; ತೆಗೆದಳು, ಕೊಟ್ಟಳು. ಮುಂದಿನ ಭಾನುವಾರ, "ಮೊಬೈಲ್ ತುಂಬಿದೆಯೇ? ಒಂದೇ ತರಹದ ಫೋಟೋಗಳನ್ನು ಹುಡುಕಿ ಅಳಿಸುವ ಈ ಆ್ಯಪ್ ಹಾಕಿಕೊಳ್ಳಿ. ಅನುಮಾನ ಬೇಡ, ಸರಿ ಎಂಬುದನ್ನು ಒತ್ತಿ. ಕೊನೆಗೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ನಾನು ಸ್ವತಃ ಬಳಸಿ ನೋಡಿದ್ದೇನೆ" ಎಂದಿದ್ದೆ.

ಸೋಮವಾರ ಬೆಳಿಗ್ಗೆ ಅಕ್ಕನ ಫೋನು ಬಂತು. "ಲೋ, ಬಟ್ಟೆ ಕತ್ತರಿಸೋಣ ಅಂತ ನೋಡಿದ್ರೆ ಒಂದೇ ಒಂದು ಫೋಟೋ ಇದೆಯಲ್ಲೋ. ಸ್ವಲ್ಪ ಬಂದು ಹೋಗ್ತೀಯಾ?"

ಹೋದೆ. ನನ್ನ ನಮೂನೆಯ ಹಾಳೆಗಳು ಆ ಆ್ಯಪಿನ ಕಣ್ಣಿಗೆ ಎಲ್ಲವೂ ಒಂದೇ. ಅದೇ ಚೌಕ, ಅದೇ ಗೆರೆ, ಮಧ್ಯೆ ಪೆನ್ಸಿಲಿನ ನಾಲ್ಕು ಗೀಟು. ಒಬ್ಬ ಹುಡುಗಿಯನ್ನು ಉಳಿಸಿಕೊಂಡು, ಉಳಿದ ಅರವತ್ಮೂರು ಜನರನ್ನೂ ಅವಳ ನಕಲು ಎಂದು ತೀರ್ಮಾನಿಸಿತ್ತು. ನಾನು ತಜ್ಞನ ಗತ್ತಿನಲ್ಲಿ ಮೊಬೈಲ್ ಕೈಗೆ ತೆಗೆದುಕೊಂಡೆ. ಆ ಆ್ಯಪನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದೆ. ಕಸದ ಬುಟ್ಟಿ ತೆರೆದೆ, ತೊಳೆದಿಟ್ಟಷ್ಟು ಸ್ವಚ್ಛ. ನೂರಕ್ಕೆ ತೊಂಬತ್ತು ಜನ ಕೊನೆಯ ಹಂತ ಮರೆಯುತ್ತಾರೆ, ನಮ್ಮಕ್ಕ ಮರೆಯುವವಳಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲಾದರೂ ಒಂದು ಪ್ರತಿ ಉಳಿದಿರಬಹುದು ಎಂದು ಹುಡುಕಿದೆ. "ನಿಮ್ಮ ಫೋಟೋಗಳನ್ನು ಊರವರ ಕೈಗೆ ಕೊಡಬೇಡಿ, ಅವು ತಾವಾಗಿಯೇ ಇಂಟರ್ನೆಟ್ಟಿಗೆ ಹೋಗುವ ಸೌಲಭ್ಯ ಆಫ್ ಮಾಡಿ" ಎಂಬ ನನ್ನ ಲೇಖನ ಎದುರಿನ ಗೋಡೆಯಲ್ಲೇ ನೇತಾಡುತ್ತಿತ್ತು.

"ಅರವತ್ಮೂರು ನಕಲು ಸಿಕ್ಕಿದೆ, ಅಳಿಸಲಾ ಅಂತ ಕೇಳ್ತು" ಎಂದಳು ಅಕ್ಕ. "ಒಂದು ಕ್ಷಣ ಅನುಮಾನ ಬಂತು. ಅನುಮಾನ ಬೇಡ ಅಂತ ನೀನು ಬರೆದಿದ್ದೆಯಲ್ಲ. ನಾನೇ ಎಲ್ಲೋ ತಪ್ಪು ಒತ್ತಿರಬೇಕು, ಬಿಡು. ನಾಳೆ ಮತ್ತೆ ಅಳತೆ ತಗೊಳ್ಳೋಣ. ಬರ್ಕೊಳ್ಳೋಕೆ ನೀನು ಬಾ."

ಆಗಲೇ ಹೇಳಬೇಕಿತ್ತು. "ಆಯ್ತಕ್ಕ" ಎಂದೆ. ಅಷ್ಟು ಹೇಡಿ ನಾನು.

ಮರುದಿನ ಕಾಲೇಜು ಹಾಸ್ಟೆಲಿನ ಊಟದ ಹಾಲ್‌ನಲ್ಲಿ ವಾರ್ಡನ್ ಮುಖ ಗಂಟು ಹಾಕಿಕೊಂಡು ನಿಂತಿದ್ದರು. "ಹೀಗಾದ್ರೆ ಕಾರ್ಖಾನೆಯವರೇ ವಾಸಿ ಅಲ್ವಾ?" ಎಂದರು. "ನನ್ನ ಕೈತಪ್ಪು ಮೇಡಂ, ಗಡುವಿಗೆ ಒಂದು ದಿನ ತಡ ಆಗಲ್ಲ" ಎಂದಳು ಅಕ್ಕ. ನಾನು ಪೆನ್ಸಿಲಿನ ತುದಿ ನೋಡುತ್ತ ನಿಂತೆ. ಒಂದು ಪರದೆ ಕಟ್ಟಿದರು. ಆಚೆ ಅಕ್ಕ ಟೇಪು ಹಿಡಿದು ಅಳೆದು ಕೂಗುತ್ತಿದ್ದಳು, ಈಚೆ ಮೇಜಿನಲ್ಲಿ ನಾನು ಬರೆದುಕೊಳ್ಳುತ್ತಿದ್ದೆ. ಅಕ್ಕನದೊಂದು ಕ್ರಮ ಇದೆ. ಬರೆದುಕೊಳ್ಳುವವರು ಸಂಖ್ಯೆಯನ್ನು ತಿರುಗಿ ಓದಿ ಹೇಳುವವರೆಗೆ ಅವಳು ಟೇಪು ತೆಗೆಯುವುದಿಲ್ಲ. ಹೆತ್ತ ಮಗಳೇ ಬರೆಯಲಿ, ಓದಿಸದೆ ಬಿಡುವವಳಲ್ಲ. ಅವತ್ತು ನನ್ನ ಹತ್ತಿರ ಮಾತ್ರ ಓದಿಸಲಿಲ್ಲ. ಸಂಖ್ಯೆ ಕೂಗುವುದು, ಟೇಪು ತೆಗೆಯುವುದು, ಮುಂದಕ್ಕೆ ಹೋಗುವುದು. ಹತ್ತೊಂಬತ್ತು ಹುಡುಗಿಯರ ಅಳತೆ ಹಾಗೆ ಸರಾಗವಾಗಿ ಮುಗಿಯಿತು.

ಇಪ್ಪತ್ತನೆಯವಳು ಮಾತುಗಾತಿ. "ಆಚೆ ಬರ್ಕೊಳ್ತಿರೋದು ಯಾರು ಆಂಟಿ?" ಎಂದಳು.

"ನನ್ನ ತಮ್ಮ. ಪೇಪರಲ್ಲಿ ಮೊಬೈಲ್ ಬಗ್ಗೆ ಬರೀತಾನಲ್ಲ, ಅವನೇ."

"ಓ! ಫೋಟೋ ಅಳಿಸೋ ಆ್ಯಪ್ ಬಗ್ಗೆ ಬರೆದಿದ್ರಲ್ಲ, ಅವರಾ? ನನ್ನ ಫೋನೂ ತುಂಬಿಹೋಗಿದೆ. ಹಾಕ್ಕೊಳ್ಳಲಾ?"

"ಧೈರ್ಯವಾಗಿ ಹಾಕ್ಕೊಳ್ಳಮ್ಮ" ಎಂದಳು ಅಕ್ಕ. "ನಾನು ಒತ್ತಿದ್ದು ತಪ್ಪಾಯ್ತು ಅಷ್ಟೆ. ಅವನು ಬಳಸಿ ನೋಡಿಯೇ ಬರೆಯೋದು."

ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸುವುದು ಕಣ್ಣೆದುರೇ ನಡೆಯುತ್ತಿತ್ತು, ಕೋತಿ ನಾನೇ.

"ಹಾಕ್ಕೋಬೇಡಮ್ಮ" ಎಂದೆ, ಪರದೆಯ ಕಡೆ ನೋಡುತ್ತ. "ಅಕ್ಕಾ, ನೀನು ತಪ್ಪು ಒತ್ತಿಲ್ಲ. ನಾನು ಹೇಳಿದ ಹಾಗೇ ಒತ್ತಿದೀಯ. ನಾನು ಅದನ್ನ ಹಾಕಿ ನೋಡೇ ಇರಲಿಲ್ಲ."

ಅಕ್ಕ ಪರದೆಯ ಆಚೆಯಿಂದಲೇ ಕೇಳಿದಳು: "ಯಾವುದನ್ನ?"

"ಯಾವುದನ್ನೂ."

"ಯಾವುದನ್ನೂ ಅಂದ್ರೆ?"

"ಹನ್ನೊಂದು ವರ್ಷದಿಂದ, ಯಾವುದನ್ನೂ."

ಬೈಯಲಿ ಎಂದು ಕಾದೆ. ಚಿಕ್ಕಂದಿನಲ್ಲಿ ಕಿವಿ ಹಿಂಡುತ್ತಿದ್ದ ಹಾಗೆ ಹಿಂಡಿದ್ದರೂ ಹಗುರಾಗುತ್ತಿದ್ದೆ.

"ಸೊಂಟ ಇಪ್ಪತ್ತೇಳೂವರೆ" ಎಂದಳು ಅಕ್ಕ.

ಬರೆದೆ. ಮುಂದಿನ ಸಂಖ್ಯೆ ಬರಲಿಲ್ಲ.

"ಓದಿ ಹೇಳು" ಎಂದಳು.

"ಸೊಂಟ, ಇಪ್ಪತ್ತೇಳೂವರೆ."

ಅಕ್ಕ ಪರದೆ ಸರಿಸಿ, ನನ್ನ ಕಡೆ ನೋಡದೆ, ವಾರ್ಡನ್ ಕಡೆ ತಿರುಗಿದಳು. "ಮೇಡಂ, ಆಗಲೇ ಹೋದ ಹತ್ತೊಂಬತ್ತು ಜನರನ್ನ ಇನ್ನೊಂದ್ಸಲ ಕಳಿಸ್ತೀರಾ?"